ಭೀಮಶಾನ ಅನ್ನದ ಆಣೆ

ದರ್ಜಿಗೆ ಊರಿನವರ ಮುಖಕ್ಕಿಂತ ಸೊಂಟದ ನೆನಪು ಜಾಸ್ತಿ. ನಾನು ಶಹಾಬಾದದಲ್ಲಿ ನಲವತ್ತಾರು ವರ್ಷ ಹೊಲಿಗೆ ಮಷಿನ್ ತುಳಿದವನು. ತುಳಿದದ್ದೆಲ್ಲ ಸೈಕಲ್ ಆಗಿದ್ದರೆ ಇಷ್ಟೊತ್ತಿಗೆ ದಿಲ್ಲಿಗೆ ಹೋಗಿ, ಕೆಂಪು ಕೋಟೆಗೆ ಒಂದು ಪರದೆ ಹೊಲಿದುಕೊಟ್ಟು, ವಾಪಸ್ ಬಂದು ಚಹಾ ಕುಡಿಯುತ್ತಿದ್ದೆ. ಈಗ ಮಗ ಮಷಿನ್ನಿಗೆ ಮೋಟಾರ್ ಹಾಕಿಸಿದ್ದಾನೆ. ಕಾಲು ನಿಂತಿತು, ಬಾಯಿ ನಿಲ್ಲಲಿಲ್ಲ ಎಂದು ಮನೆಯವಳ ದೂರು.

ಇಷ್ಟು ವರ್ಷದಲ್ಲಿ ಒಬ್ಬನ ಅಳತೆಯನ್ನು ಮಾತ್ರ ನಾನು ಪುಸ್ತಕ ನೋಡದೆ ಹೇಳುತ್ತಿದ್ದೆ. ಎದೆ ನಲವತ್ತು, ಸೊಂಟ ಮೂವತ್ತು. ಭೀಮಶಾ. ಲಗ್ನದ ಅಂಗಿಗೆ ತೆಗೆದ ಅಳತೆ ಅರವತ್ತೈದನೇ ವಯಸ್ಸಿಗೂ ಅದೇ. ಬೇರೆಯವರು ಪ್ರತಿ ವರ್ಷ ಹಬ್ಬದ ಮುಂದೆ ಬಂದು "ಸ್ವಲ್ಪ ಸಡಿಲ ಮಾಡು ಟೇಲರ್" ಎನ್ನುತ್ತಿದ್ದರು. ಇವನಿಗೆ ಹೊಲಿಯುವಾಗ ನಾನು ಟೇಪು ಮುಟ್ಟುತ್ತಲೇ ಇರಲಿಲ್ಲ.

ಅವನು ಕಾಗಿಣಾ ದಂಡೆಯ ಅಂಬಿಗರ ಮನೆಯವನು, ನನ್ನ ಓಣಿಯವನು, ನನಗಿಂತ ಒಂದು ವರ್ಷ ಚಿಕ್ಕವನು. ಅವನ ಅಪ್ಪ ಹರಗೋಲು ಹಾಕಿ ಜನರನ್ನು ನದಿ ದಾಟಿಸುತ್ತಿದ್ದ. ಸೇತುವೆ ಬಂತು, ಹರಗೋಲು ಅಂಗಳದಲ್ಲಿ ಬೋರಲು ಬಿದ್ದು ಕೋಳಿಗಳಿಗೆ ಮನೆಯಾಯಿತು. ಭೀಮಶಾ ಹದಿನಾರಕ್ಕೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗೆ ಹೋದ. ಉಳಿ ಇಟ್ಟು ಕಲ್ಲು ಪದರು ಪದರಾಗಿ ಎಬ್ಬಿಸುವುದು, ತಲೆಯ ಮೇಲೆ ಸಿಂಬೆ ಇಟ್ಟು ಲಾರಿಗೆ ಹೊರುವುದು, ಹೋಗಿ ಬಂದು ದಿನಕ್ಕೆ ಎಂಟು ಮೈಲಿ ನಡೆಯುವುದು. ಒಮ್ಮೆ ಬೇಸಿಗೆಯಲ್ಲಿ ಅವನು ಹೊತ್ತ ಕಲ್ಲು ಎಷ್ಟು ಅಗಲವಿತ್ತೆಂದರೆ ಅದರ ನೆರಳಲ್ಲಿ ನಾನು, ಒಬ್ಬ ಐಸ್‌ಕ್ಯಾಂಡಿಯವನು, ಒಂದು ಆಡು ಮೂವರೂ ಸ್ಟೇಷನ್ ತನಕ ತಂಪಾಗಿ ನಡೆದುಬಂದೆವು. ಐಸ್‌ಕ್ಯಾಂಡಿ ಒಂದೂ ಕರಗಲಿಲ್ಲ. ನಂಬದವರು ಆ ಆಡನ್ನು ಕೇಳಬಹುದಿತ್ತು, ಅದು ಈಗ ಇಲ್ಲ.

ಅವನ ಹೆಂಡತಿ ಶಿವಕಾಂತಮ್ಮ ತೆಂಗಳಿಯವಳು. ಬೆಳಗಿನ ಐದೂವರೆಗೆ ಅವಳ ಕೈಯಲ್ಲಿ ಜೋಳದ ಹಿಟ್ಟು ಸದ್ದು ಮಾಡಲು ಶುರುವಾದರೆ ಓಣಿಯ ಗಡಿಯಾರಗಳು ಅದನ್ನು ಕೇಳಿ ಸಮಯ ಸರಿಮಾಡಿಕೊಳ್ಳುತ್ತಿದ್ದವು. ಆಗ ಎಲ್ಲ ಮನೆಯಲ್ಲೂ ಅದೇ ಸದ್ದು. ಒಂದು ಮನೆಯಲ್ಲಿ ಜೋರು, ಒಂದು ಮನೆಯಲ್ಲಿ ನಿಧಾನ, ಸಿಟ್ಟು ಬಂದ ಮನೆಯಲ್ಲಿ ಇನ್ನೂ ಜೋರು. ಯಾರ ಮನೆಯಲ್ಲಿ ಜಗಳವಾಗಿದೆ ಎಂದು ಹಾಸಿಗೆಯಲ್ಲೇ ಗೊತ್ತಾಗುತ್ತಿತ್ತು. ಭೀಮಶಾ ಮುಖ ತೊಳೆದು ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಒಂದು ರೊಟ್ಟಿ ಹಂಚಿನಿಂದ ಇಳಿದು ಅವನ ತಟ್ಟೆಗೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಜೊತೆಗೆ ಪುಂಡಿ ಪಲ್ಯ, ಶೇಂಗಾ ಹಿಂಡಿ, ಗುದ್ದಿದ ಉಳ್ಳಾಗಡ್ಡಿ, ಮಜ್ಜಿಗೆ. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಒಂದು ರೊಟ್ಟಿಗೂ ಇನ್ನೊಂದಕ್ಕೂ ನಡುವೆ ಇರುವ ಹೊತ್ತಿನಲ್ಲಿ ಅವನು ಗಣಿಯ ಸುದ್ದಿ ಹೇಳುತ್ತಿದ್ದ, ಅವಳು ಓಣಿಯ ಸುದ್ದಿ ಹೇಳುತ್ತಿದ್ದಳು. ನಾನು ಗೋಡೆಯ ಈಚೆ ಕುಳಿತು ಎರಡನ್ನೂ ಕೇಳುತ್ತಿದ್ದೆ. ಆ ಕಾಲದಲ್ಲಿ ಟಿ.ವಿ. ಇರಲಿಲ್ಲವಲ್ಲ.

ಇಷ್ಟು ಚೆಂದದ ರೊಟ್ಟಿಯ ಮೇಲೆ ಅವನಿಗೆ ಒಳಗೆ ಒಂದು ಹಗೆ ಇತ್ತು. ಅದು ಬಹಳ ವರ್ಷ ನನಗೊಬ್ಬನಿಗೇ ಗೊತ್ತಿತ್ತು, ಏಕೆಂದರೆ ಹಗೆ ಹುಟ್ಟಿದ ದಿನ ನಾನು ಪಕ್ಕದಲ್ಲಿದ್ದೆ.

ನಮಗೆ ಆಗ ಒಂಬತ್ತು, ಹತ್ತು ವರ್ಷ. ನದಿಯಾಚೆಯ ದೊಡ್ಡ ಮನೆಯೊಂದರಲ್ಲಿ ಲಗ್ನ. ನೀರು ಏರಿತ್ತು. ಭೀಮಶಾನ ಅಪ್ಪ ದಿಬ್ಬಣವನ್ನು ಹನ್ನೊಂದು ಸಲ ಹೋಗಿ ಬಂದು ದಾಟಿಸಿದ. ಊಟದ ಹೊತ್ತಿಗೆ ಬೀಗರಿಗೆಲ್ಲ ಬಿಳಿ ಅನ್ನ, ತುಪ್ಪ. ಅನ್ನವೆಂದರೆ ಆಗ ನಮಗೆ ವರ್ಷಕ್ಕೊಮ್ಮೆ ಕಾಣುವ ನೆಂಟ. ಅಂಬಿಗರನ್ನು ದನದ ಕೊಟ್ಟಿಗೆಯ ಬಾಗಿಲಲ್ಲಿ ಕೂರಿಸಿ ನಿನ್ನೆಯ ರೊಟ್ಟಿ ಹಾಕಿದರು. ಭೀಮಶಾ ಕೈ ಚಾಚಿ ಅನ್ನ ಕೇಳಿದ. ಬಡಿಸುವವನು ನಕ್ಕು, "ಅನ್ನ ಕುಂತು ಉಣ್ಣೋರಿಗಿ. ನೀವು ದುಡ್ಯೋ ಮಂದಿ, ರೊಟ್ಟಿ ತಿನ್ರಿ" ಎಂದ. ಅವನ ಅಪ್ಪನೂ ನಕ್ಕುಬಿಟ್ಟ. ಮಗ ನಗಲಿಲ್ಲ. ನೇರ ನದಿಗೆ ಹೋಗಿ, ಮೊಣಕಾಲು ನೀರಿನಲ್ಲಿ ನಿಂತು, ಬೊಗಸೆಯಲ್ಲಿ ಕಾಗಿಣೆಯ ನೀರು ಹಿಡಿದ.

"ನಾ ದುಡ್ಯೋದು ಬಿಟ್ಟ ದಿನದಿಂದ ನನ್ನ ಮನ್ಯಾಗ ರೊಟ್ಟಿ ಬಡ್ಯಂಗಿಲ್ಲ. ಅಲ್ಲಿ ಬರೇ ಅನ್ನ. ಈ ಗಂಗಿ ಆಣಿ."

ನದಿ ದಂಡೆಯ ಆ ಮನೆಗಳಲ್ಲಿ ನೀರು ಹಿಡಿದು ಹೇಳಿದ ಮಾತನ್ನು ಮುರಿಯುವಂತಿಲ್ಲ. ಹೊಟ್ಟೆ ಹೊರೆದ ತಾಯಿಗೆ ಸುಳ್ಳು ಹೇಳಿದ ಹಾಗೆ. ನಾನೂ ಅವನ ಪಕ್ಕ ನಿಂತು ನೀರು ಹಿಡಿದೆ, ದಿನಾ ಜಿಲೇಬಿ ತಿನ್ನುತ್ತೇನೆ ಎಂದು ಆಣೆ ಮಾಡಿದೆ. ನಾನು ದರ್ಜಿಯವನು, ನಮ್ಮ ಆಣೆ ಸೂಜಿಗೆ ನಡೆಯುತ್ತದೆ, ನೀರಿಗಲ್ಲ. ಹಾಗಾಗಿ ಪಾಪ ತಟ್ಟಲಿಲ್ಲ.

ಮೂರು ವರ್ಷದ ಹಿಂದೆ, ಅರವತ್ತೇಳಕ್ಕೆ, ಅವನು ಉಳಿ ಕೆಳಗಿಟ್ಟ. ಮರುದಿನ ಬೆಳಿಗ್ಗೆ ಶಿವಕಾಂತಮ್ಮ ಹಿಟ್ಟಿಗೆ ಕೈ ಹಾಕಿದಾಗ ಹೋಗಿ ಅವಳ ಕೈಯಿಂದ ಹಿಟ್ಟು ನಾದುವ ಪರಾತ ತೆಗೆದುಕೊಂಡನಂತೆ.

"ಇವತ್ತಿನಿಂದ ಬ್ಯಾಡ, ಸಣ್ಣಾವಿದ್ದಾಗ ಗಂಗಿ ನೀರು ಹಿಡದು ಆಣಿ ಮಾಡೀನಿ. ಐವತ್ತು ವರ್ಷ ಬಡದಿ, ಸಾಕು. ನೀನೂ ಕುಂತು ಅನ್ನ ಉಣ್ಣು. ರಾಣಿ ಆಗು."

ಅವಳು ಹಂಚನ್ನು ಅಟ್ಟದ ಮೇಲಿಟ್ಟಳು. ಕುಕ್ಕರ್ ಬಂತು. ರೇಷನ್ ಅಕ್ಕಿ ಬರುತ್ತದೆ, ಸಾಲದ್ದಕ್ಕೆ ಅಂಗಡಿಯ ಸಣ್ಣ ಅಕ್ಕಿ. ಮೊದಲ ತಿಂಗಳು ಭೀಮಶಾ ರಾಜನೇ. ನನ್ನ ಅಂಗಡಿಗೆ ಬಂದು, "ಟೇಲರ್, ಇವತ್ತು ಮೂರು ಸಲ ಅನ್ನ ಉಂಡೆ, ಎರಡು ಸಲ ಮಲಕೊಂಡೆ" ಎಂದು ಪಗಾರ ಬಂದವನ ಹಾಗೆ ಹೇಳುತ್ತಿದ್ದ. ಎಂಟಕ್ಕೆ ಏಳುವುದು, ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದುವುದು, ಗುಡ್ಡದಷ್ಟು ಅನ್ನಕ್ಕೆ ತೆಳ್ಳನೆ ಸಾರು, ನಿದ್ದೆ, ಟಿ.ವಿ., ಮತ್ತೆ ಗುಡ್ಡ. ಜೀವಮಾನವಿಡೀ ಗಣಿಯಲ್ಲಿ ಗುಡ್ಡ ಕರಗಿಸಿದವನಿಗೆ ತಟ್ಟೆಯಲ್ಲಿನ ಗುಡ್ಡ ಯಾವ ಲೆಕ್ಕ.

ಎರಡನೇ ವರ್ಷ ನಾನು ಅವನಿಗೆ ಟೇಪು ಹಾಕಬೇಕಾಯಿತು. ಸೊಂಟ ಮೂವತ್ತೊಂಬತ್ತು. ತೋಳು ಮಾತ್ರ ಅರ್ಧವಾಗಿತ್ತು. ನನ್ನ ವಿದ್ಯೆಯಲ್ಲಿ ಇಂಥ ಅಂಗಿಗೆ ಕಟಿಂಗ್ ಇಲ್ಲ. ಆದರೆ ನನಗೆ ಹೆದರಿಕೆಯಾದದ್ದು ಸೊಂಟದಿಂದಲ್ಲ. ನಾನು ಆಡಿನ ಕಥೆ ಹೇಳಿದೆ, ಅವನು ನಗಲಿಲ್ಲ. "ಹೂಂ" ಅಂದ. ಮೊದಲಾಗಿದ್ದರೆ, "ಒಂದಲ್ಲ, ಎರಡು ಆಡು ಇದ್ದುವು, ಸುಳ್ಳು ಹೇಳಬ್ಯಾಡ" ಎನ್ನುತ್ತಿದ್ದ. ಆಮೇಲೆ ಅಂಗಡಿಗೆ ಬರುವುದೂ ನಿಂತಿತು. ಮನೆಗೆ ಹೋದರೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಏನಾಗಿದೆ ಎಂದರೆ ಏನೂ ಇಲ್ಲ. ಏನು ಬೇಕು ಎಂದರೆ ಏನೂ ಬೇಡ.

ಈ ವರ್ಷ ಬೇಸಿಗೆಯಲ್ಲಿ ಬಚ್ಚಲ ಕಲ್ಲೊಂದು ಅಲುಗಾಡುತ್ತಿತ್ತು. ಬಹಳ ದಿನದ ಮೇಲೆ ಉಳಿ ಹಿಡಿದು ಕೂತವನು ಎಡಗೈಯ ನಡುಬೆರಳಿಗೆ ಪೆಟ್ಟು ಮಾಡಿಕೊಂಡ. ಗಣಿಯಲ್ಲಿ ಇಂಥ ನೂರು ಪೆಟ್ಟು ಬಿದ್ದಿದ್ದವು; ಮಣ್ಣು ಒತ್ತಿ ಮುಂದೆ ಹೋಗುತ್ತಿದ್ದ. ಇದು ಮಾತ್ರ ವಾರವಾದರೂ ಒಣಗಲಿಲ್ಲ. ಹದಿನೈದು ದಿನಕ್ಕೆ ಕಪ್ಪಾಗಿ ಬಾತುಕೊಂಡಿತು. ನಾನೇ ಟಂಟಂ ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರ್ ಕರುಣಾ ಹತ್ತಿರ ಒಯ್ದೆ. ಗುಂಡಗುರ್ತಿಯ ಹುಡುಗಿ, ಅವಳ ಶಾಲೆಯ ಮೊದಲ ಲಂಗ ಹೊಲಿದವನು ನಾನು. ಲಂಗ ಸ್ವಲ್ಪ ಉದ್ದವಾಗಿತ್ತು, ಅದಕ್ಕೇ ಅವಳು ಬೇಗ ಬೆಳೆದಳು.

ರಕ್ತ ನೋಡಿದಳು. ಸಕ್ಕರೆ ಮೂರು ನೂರರ ಮೇಲೆ.

"ಕಾಕಾ, ದಿನಕ್ಕ ಎಷ್ಟು ನಡೀತೀರಿ?"

"ಈಗ ಯಾಕ ನಡೀಲೆವ್ವಾ? ಐವತ್ತು ವರ್ಷ ನಡದೀನಿ."

"ಏನು ಉಣ್ತೀರಿ?"

"ಅನ್ನ." ಇಷ್ಟು ದಿನದಲ್ಲಿ ಮೊದಲ ಸಲ ಅವನ ದನಿಯಲ್ಲಿ ಒಂದಿಷ್ಟು ಬಿಗಿ ಬಂತು. "ಮೂರೂ ಹೊತ್ತು."

"ಪಲ್ಯ, ಬ್ಯಾಳಿ?"

"ಅನ್ನ ಇದ್ದ ಮ್ಯಾಲ ಅದೆಲ್ಲಾ ಯಾಕ?"

ಅವಳು ಗಾಯ ತೊಳೆದು ಪಟ್ಟಿ ಕಟ್ಟುತ್ತಾ ನಿಧಾನವಾಗಿ ಹೇಳಿದಳು. "ಅನ್ನ ವೈರಿ ಅಲ್ರಿ ಕಾಕಾ. ಒಂದು ಹಿಡಿ ಉಣ್ರಿ. ಆದ್ರ ತಾಟು ತುಂಬ ಅನ್ನ ಉಂಡು ಮಲಗಿದ್ರ ಆ ಸಕ್ಕರಿ ಎಲ್ಲಿಗಿ ಹೋಗ್ಬೇಕು? ಜೋಳದ ರೊಟ್ಟಿ ಎರಡು, ತಪ್ಪಲ ಪಲ್ಯ, ಬ್ಯಾಳಿ. ದಿನಾ ಮುಂಜಾನಿ ನಡೀರಿ. ಗುಳಿಗಿ ಒಂದ್ ದಿನಾನೂ ತಪ್ಪಿಸಬ್ಯಾಡ್ರಿ. ಒಂದೂವರೆ ತಿಂಗಳು ನೋಡ್ತೀನಿ. ಒಣಗ್ಲಿಲ್ಲಂದ್ರ ಬೆರಳು ತೆಗೀಬೇಕಾಗ್ತದ. ಕೀವು ಕೈಗಿ ಏರಬಾರದಲ್ಲ."

ಆಮೇಲೆ ಅವನ ಮುಖ ನೋಡಿ, "ನೀವು ನಕ್ಕು ಎಷ್ಟು ದಿನಾತ್ರಿ?" ಎಂದು ಕೇಳಿದಳು.

ಅವನು ಎದ್ದು ಹೊರಗೆ ನಡೆದ. ಟಂಟಂನಲ್ಲಿ ನನ್ನ ಮೇಲೆ ಹರಿಹಾಯ್ದ.

"ರೊಟ್ಟಿ ತಿನ್ನಬೇಕಂತ! ನಾ ಗಂಗಿ ನೀರು ಹಿಡದೀನಿ ಟೇಲರ್. ನೀ ನೋಡಿದ್ದಿ."

"ನೋಡೀನಿ. ಬೆರಳು ಹೋಗ್ತದೋ ಮಾರಾಯಾ."

"ಹೋಗ್ಲಿ ತಗೋ. ಒಂಬತ್ತು ಉಳೀತಾವ."

ಉಳಿ ಹಿಡಿಯುವ ಕೈಯ ಬೆರಳದು. ಅದನ್ನು ಅವನು ಪಟ್ಟಿಯ ಮೇಲಿಂದಲೇ ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಕುಳಿತಿದ್ದ, ಹಕ್ಕಿಮರಿ ಹಿಡಿದ ಹಾಗೆ.

ಗುಳಿಗೆ ನುಂಗಿದ. ಅನ್ನ ಅರ್ಧ ಮಾಡಿದ. ಆದರೆ ಅರ್ಧ ಅನ್ನಕ್ಕೆ ಹೊಟ್ಟೆ ಹಸಿಯಿತು, ಹಸಿವಿಗೆ ಖಾರಿ ತಿಂದ, ಖಾರಿಗೆ ಚಹಾ ಕುಡಿದ. ಹತ್ತು ದಿನವಾದರೂ ಬೆರಳು ಇದ್ದ ಹಾಗೇ ಇತ್ತು.

ಹನ್ನೊಂದನೇ ದಿನ ಬೆಳಿಗ್ಗೆ ಅವನೇ ನಮ್ಮ ಮನೆಗೆ ಬಂದ. ಮುಖ ಬೂದಿಯಾಗಿತ್ತು.

"ಟೇಲರ್, ಶಿವಕಾಂತಿ ನನ್ನ ಬಿಟ್ಟು ಹೋಗ್ಲಿಕತ್ತಾಳ."

"ಎಲ್ಲಿಗಿ?"

"ಗೊತ್ತಿಲ್ಲ. ದಿನಾ ಮುಂಜಾನಿ ನಾ ಮಲಗಿದಾಗ ಸೆರಗಿನಾಗ ಏನೋ ಮುಚ್ಚಿಕೊಂಡು ಹೋಗ್ತಾಳ. ತಾಸು ಬಿಟ್ಟು ನಗಕೋತ ಬರ್ತಾಳ. ನನ್ನ ನೋಡಿದ ಕೂಡ್ಲೆ ನಗೋದು ಬಿಡ್ತಾಳ. ಸಾಮಾನು ಒಂದೊಂದಾಗಿ ಸಾಗಸಾಕತ್ತಾಳ ಅನಸ್ತದ. ನನ್ನಂಥವನ ಕೂಡ ಯಾರು ಇರ್ತಾರ ಹೇಳು."

ನಾನು ನಗಬೇಕೆಂದಿದ್ದೆ. ಅವನ ಕಣ್ಣು ನೋಡಿ, ನಾಳೆ ಅವಳ ಹಿಂದೆ ಹೋಗಿ ನೋಡೋಣ ಎಂದೆ.

ಮರುದಿನ ಇಬ್ಬರೂ ಅವಳ ಹಿಂದೆ ಹೊರಟೆವು. ಇಬ್ಬರ ವಯಸ್ಸೂ ಸೇರಿ ನೂರ ನಲವತ್ತು ವರ್ಷದ ಪತ್ತೇದಾರಿಕೆ. ಅವಳು ತಿರುಗಿದಾಗಲೆಲ್ಲ ರಸ್ತೆ ಬದಿಯ ಟಂಟಂ ಹಿಂದೆ ನಾವು ಅಡಗುತ್ತಿದ್ದೆವು. ಒಂದು ಸಲ ಟಂಟಂ ಹೊರಟೇ ಹೋಯಿತು, ನಾವು ನಡುರಸ್ತೆಯಲ್ಲಿ ಬಗ್ಗಿ ನಿಂತಿದ್ದೆವು. ಓಣಿ ದಾಟಿ, ಹಳೆಯ ಗಣಿಯ ನೀರು ನಿಂತ ಹೊಂಡ ದಾಟಿ ಅವಳು ನಡೆಯುತ್ತಲೇ ಇದ್ದಳು. ಭೀಮಶಾ ಮೂರು ಸಲ ಗೋಡೆ ಹಿಡಿದು ಉಸಿರು ತೆಗೆದುಕೊಂಡ. ವರ್ಷದ ಮೇಲೆ ಅವನು ಇಷ್ಟು ದೂರ ನಡೆದದ್ದು ಅದೇ ಮೊದಲು.

ಹೊಂಡದಾಚೆ ಅಖ್ತರ ಬೇಗಂ ಮನೆ. ಗಂಡ ಗಣಿಯಲ್ಲಿ ಭೀಮಶಾನ ಜೊತೆಗಾರನಾಗಿದ್ದ, ತೀರಿಕೊಂಡು ಆರು ವರ್ಷ. ಅವಳಿಗೆ ನಾಲ್ಕು ಆಡು, ಒಂದು ಬೇವಿನ ಗಿಡ, ಮಣಿಕಟ್ಟಿನಲ್ಲಿ ಬಿಡದ ನೋವು. ಶಿವಕಾಂತಮ್ಮ ಒಳಗೆ ಹೋದಳು. ನಾವು ಗೋಡೆಗೆ ಕಿವಿ ಕೊಟ್ಟೆವು.

ಸ್ವಲ್ಪ ಹೊತ್ತಿಗೆ ಒಳಗಿಂದ ಸದ್ದು ಬಂತು. ತಪ್ ತಪ್ ತಪ್, ಒಂದು ಚಿಕ್ಕ ತಡೆ, ಮತ್ತೆ ತಪ್ ತಪ್.

ಭೀಮಶಾ ನನ್ನ ತೋಳು ಹಿಡಿದ. "ಇದು ನಮ್ಮಾಕಿ ಕೈ" ಎಂದ. ಹಾಗೆಂದು ಅಲ್ಲೇ ನಿಂತುಬಿಟ್ಟ. ಹೋಗೋಣ ಎಂದರೂ ಅಲುಗಾಡಲಿಲ್ಲ. ಒಂದು ರೊಟ್ಟಿ ಆಯಿತು, ಎರಡು ಆಯಿತು. ಒಳಗೆ ಇಬ್ಬರೂ ಹೆಂಗಸರು ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ಮೂರನೇ ರೊಟ್ಟಿಗೆ ಅವನು ಬಾಗಿಲು ತಳ್ಳಿದ.

ಅಂಗಳದ ಒಲೆಯ ಮೇಲೆ, ಅವಳು ಸೆರಗಿನಲ್ಲಿ ಮುಚ್ಚಿ ತಂದ ಅವನದೇ ಮನೆಯ ಹಂಚು. ಶಿವಕಾಂತಮ್ಮನ ಮೊಣಕೈ ತನಕ ಹಿಟ್ಟು.

"ಮಂದಿ ಮನ್ಯಾಗ ಬಂದು ಕದ್ದು ತಿನ್ನೋ ಹಂಗ ಆಯ್ತೇನು ನಿನಗ?" ಎಂದ. ಜೋರು ಮಾಡಬೇಕೆಂದಿದ್ದ, ದನಿ ಒಡೆಯಿತು.

ಅವಳು ಹೆದರಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಮಗುಚಿದಳು.

"ಗಂಗಿ ನೀರು ಹಿಡದದ್ದು ನೀವು. ನಾ ಹಿಡದಿಲ್ಲ. ನನಗ ಒಂದು ಮಾತು ಕೇಳೀರೇನು?"

"ನಿನ್ನ ರಾಣಿ ಮಾಡಬೇಕಂತ ಮಾಡೀನಿ."

"ರಾಣಿ ಆಗಿ ಮೂರು ವರ್ಷ ಆತು. ಯಾರ ಕೂಡ ಮಾತಾಡ್ಲಿ? ಮೊದಲ ನಾ ರೊಟ್ಟಿ ಬಡ್ಯಾಕತ್ರ ನೀವು ಒಲಿ ಮುಂದ ಕುಂದ್ರತಿದ್ರಿ. ಅದು ಅಂತಿದ್ವಿ, ಇದು ಅಂತಿದ್ವಿ, ಹೊತ್ತು ಹೋಗಿದ್ದೇ ಗೊತ್ತಾಗ್ತಿರಲಿಲ್ಲ. ಕುಕ್ಕರ್ ಮುಂದ ಯಾರು ಕುಂದ್ರತಾರ? ಅದು ಸೀಟಿ ಹೊಡೀತದ, ನೀವು ಅಲ್ಲಿಂದ್ಲೇ 'ಆಯ್ತೇನು' ಅಂತೀರಿ. ನನ್ನ ಕೂಡ ನೀವು ಅದೊಂದೇ ಮಾತು ಆಡ್ತೀರಿ, ಮೂರು ವರ್ಷದಿಂದ."

ಭೀಮಶಾನ ಕೈ ತಾನಾಗಿಯೇ ಪಟ್ಟಿ ಕಟ್ಟಿದ ಬೆರಳ ಮೇಲೆ ಹೋಯಿತು.

ಅಖ್ತರ ಬೇಗಂ ಇಷ್ಟು ಹೊತ್ತು ಆಡಿಗೆ ಎಲೆ ಹಾಕುತ್ತಿದ್ದವಳು ತಿರುಗಿದಳು. "ಅರೇ ಭೀಮಶಾ ಭಾಯಿ, ಆಣಿ ಏನಂತ ಮಾಡೀರಿ? ಬರೋಬ್ಬರಿ ಹೇಳ್ರಿ."

"ನನ್ನ ಮನ್ಯಾಗ ರೊಟ್ಟಿ ಬಡ್ಯಂಗಿಲ್ಲ ಅಂತ."

"ಇದು ಯಾರ ಮನಿ?"

ಅವನು ಬೇವಿನ ಗಿಡ ನೋಡಿದ, ಆಡು ನೋಡಿದ, ನನ್ನನ್ನು ನೋಡಿದ. ನಾನು ಸಾಕ್ಷಿಯಲ್ಲವೇ. "ಭಾಭಿ ಮನಿ" ಎಂದು ನಾನೇ ಹೇಳಿದೆ.

"ನನ್ನ ಒಲಿ, ನನ್ನ ಹಿಟ್ಟು. ನನ್ನ ಕೈ ನೋಯ್ತದ, ನಿಮ್ಮ ಹೆಂಡ್ರು ಬಡದು ಕೊಡ್ತಾರ. ಇಲ್ಲಿ ಯಾವ ಆಣಿನೂ ಇಲ್ಲ. ಕುಂದ್ರಿ. ಟೇಲರ್, ನೀವೂ ಕುಂದ್ರಿ, ಹೊರಗ ನಿಂತು ಕಿವಿ ಕೊಟ್ರ ಹೊಟ್ಟಿ ತುಂಬಂಗಿಲ್ಲ."

ನಾನು ಅವಳ ಮಾತು ಮುಗಿಯುವ ಮೊದಲೇ ಕುಳಿತಿದ್ದೆ. ಭೀಮಶಾ ನಿಂತೇ ಇದ್ದ. ಅರವತ್ತು ವರ್ಷದ ಹಿಂದೆ ಕೊಟ್ಟಿಗೆಯ ಬಾಗಿಲಲ್ಲಿ ಎದ್ದು ನಿಂತಿದ್ದ ಹುಡುಗನ ಮುಖವೇ ಅದು. ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಶಿವಕಾಂತಮ್ಮ ಅದನ್ನು ತಟ್ಟೆಗೆ ಹಾಕಿ, ಪಕ್ಕದಲ್ಲಿ ಪುಂಡಿ ಪಲ್ಯ ಇಟ್ಟು, ತಟ್ಟೆಯನ್ನು ಒಲೆಯ ಮುಂದೆ ಸರಿಸಿದಳು. ಕರೆಯಲಿಲ್ಲ. ಮುಂದಿನ ಹಿಟ್ಟು ನಾದಲು ಶುರುಮಾಡಿದಳು.

ಅವನು ಕುಳಿತ. ಚಕ್ಕಳಮಕ್ಕಳ ಹಾಕಲು ಹೊಟ್ಟೆ ಬಿಡಲಿಲ್ಲ, ಒಂದು ಕಾಲು ಚಾಚಿಕೊಂಡ. ಮೊದಲ ತುತ್ತು ಬಹಳ ಹೊತ್ತು ಅಗಿದ. ಅವನ ಕಣ್ಣಲ್ಲಿ ನೀರು ಬಂತು, ಹೊಗೆ ಎಂದ. ಹೊಗೆ ನನ್ನ ಕಡೆ ಹೋಗುತ್ತಿತ್ತು, ಇರಲಿ.

"ಪಲ್ಯಕ್ಕ ಉಪ್ಪು ಕಮ್ಮಿ ಆಗ್ಯಾದ" ಎಂದ.

"ಮೂರು ವರ್ಷದ ಮ್ಯಾಲ ಇದೊಂದು ಹೊಸ ಮಾತು ಬಂತು" ಎಂದಳು ಶಿವಕಾಂತಮ್ಮ.

ಎರಡನೇ ರೊಟ್ಟಿ ಬರುವ ತನಕ ಅವನು ಅಖ್ತರ ಬೇಗಂಗೆ ಅವಳ ಗಂಡನ ಕಥೆ ಹೇಳಿದ: ಗಣಿಯಲ್ಲಿ ಊಟದ ಗಂಟನ್ನು ಮಂಗ ಒಯ್ದಾಗ ಆ ಮನುಷ್ಯ ಮಂಗನ ಹಿಂದೆ ಚಿತ್ತಾಪುರದ ತನಕ ಓಡಿದ್ದನಂತೆ. ವಾಡಿ ತನಕ, ಎಂದು ನಾನು ತಿದ್ದಿದೆ. "ಚಿತ್ತಾಪುರ! ನೀ ಇದ್ದೇನು ಅಲ್ಲಿ?" ಎಂದು ನನ್ನ ಮೇಲೆ ಬಂದ. ಎಷ್ಟು ದಿನವಾಗಿತ್ತು ಅವನು ನನ್ನ ಜೊತೆ ಜಗಳವಾಡಿ.

ಆಮೇಲಿನದು ನಡಿಗೆಯ ಕಥೆ. ದಿನಾ ಬೆಳಿಗ್ಗೆ ಆರಕ್ಕೆ ಗಂಡ ಹೆಂಡತಿ ಇಬ್ಬರೂ ಹೊಂಡ ಸುತ್ತಿ ಅಲ್ಲಿಗೆ ಹೋಗುವುದು, ಒಲೆಯ ಮುಂದೆ ಎರಡು ರೊಟ್ಟಿ ತಿನ್ನುವುದು, ವಾಪಸ್ ನಡೆಯುವುದು. ಸಂಜೆ ಮತ್ತೆ. ಮಧ್ಯಾಹ್ನ ಮನೆಯಲ್ಲಿ ಒಂದು ಹಿಡಿ ಅನ್ನ, ಜೊತೆಗೆ ಗಟ್ಟಿ ಬೇಳೆ. ಮೊದಲ ವಾರ ಗೋಡೆ ಹಿಡಿದ, ಎರಡನೇ ವಾರ ಕೋಲು, ಮೂರನೇ ವಾರ ಆ ಕೋಲನ್ನು ನನಗೆ ಕೊಟ್ಟು ನನಗಿಂತ ಮುಂದೆ ನಡೆದ. ಗುಳಿಗೆಯನ್ನು ಶಿವಕಾಂತಮ್ಮ ಸೆರಗಿನಲ್ಲೇ ಕಟ್ಟಿಕೊಂಡು ಹೋಗುತ್ತಿದ್ದಳು. ಪಟ್ಟಿಯನ್ನು ಎರಡು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಬದಲಿಸುತ್ತಿದ್ದರು. ಬೆರಳು ಮಾತ್ರ ಏನು ಮಾಡುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಒಂದು ದಿನ ಕೆಂಪಗೆ ಕಂಡರೆ ಮರುದಿನ ಕೀವು.

ಒಂದೂವರೆ ತಿಂಗಳು ತುಂಬಿದ ದಿನ ನಾವು ಮೂವರೂ ಹೋದೆವು. ಡಾಕ್ಟರ್ ಕರುಣಾ ಪಟ್ಟಿ ಬಿಚ್ಚಿದಳು. ಶಿವಕಾಂತಮ್ಮ ಕಿಟಕಿಯ ಕಡೆ ತಿರುಗಿ ನಿಂತಳು. ನಾನು ಅವಳ ಹಿಂದೆ ನಿಂತೆ, ಧೈರ್ಯ ಹೇಳಲು ಎಂದುಕೊಳ್ಳಿ. ಡಾಕ್ಟರ್ ಬೆರಳನ್ನು ಒತ್ತಿದಳು, ಮಡಚಿದಳು, ಬೆಳಕಿಗೆ ಹಿಡಿದು ನೋಡಿದಳು.

"ಹೊಸ ಚರ್ಮ ಬಂದದ. ಬೆರಳು ಉಳೀತು ಕಾಕಾ."

ಭೀಮಶಾ ಬೆರಳನ್ನು ಮುಖದ ಹತ್ತಿರ ತಂದು ನೋಡಿಕೊಂಡ. ಎಳೆಯ ಮಗುವಿನ ಚರ್ಮದ ಹಾಗೆ ತಿಳಿ ಕೆಂಪಗಿತ್ತು. ಸಕ್ಕರೆ ನೂರ ಐವತ್ತಕ್ಕೆ ಇಳಿದಿತ್ತು.

"ಗುಳಿಗಿ ಬಿಡಬ್ಯಾಡ್ರಿ ಮತ್ತ. ನಡಿಯೋದೂ ಬಿಡಬ್ಯಾಡ್ರಿ" ಎಂದು ಅವಳು ಗದರಿಸಿದಳು. ಅವನು ತಲೆಯಾಡಿಸಿ, ಅವಳಿಗೆ ಮಂಗನ ಕಥೆ ಹೇಳಲು ಶುರುಮಾಡಿದ. ಹೊರಗೆ ಇಪ್ಪತ್ತು ಜನ ಕಾದಿದ್ದರು. ಈ ಸಲ ಮಂಗ ಸೇಡಂ ತನಕ ಹೋಗಿತ್ತು.

ಮೊನ್ನೆ ಮೊನ್ನೆ ಶಿವಕಾಂತಮ್ಮ ನನ್ನೆದುರೇ ಅವನಿಗೆ ಹೇಳಿದಳು, ಮಳೆಗಾಲ ಬಂದರೆ ಹೊಂಡದ ದಾರಿ ಕೆಸರಾಗುತ್ತದೆ, ನದಿಗೆ ಹೋಗಿ ಒಂದು ಕಾಯಿ ಒಡೆದು ತಪ್ಪಾಯಿತೆಂದು ಕೇಳಿಕೊಂಡು ಆಣೆ ಬಿಡಿಸಿಕೊಳ್ಳಿ, ಮನೆಯಲ್ಲೇ ರೊಟ್ಟಿ ಬಡಿಯುತ್ತೇನೆ ಎಂದು.

ಭೀಮಶಾ ಚಪ್ಪಲಿ ಹುಡುಕುತ್ತಿದ್ದ. "ಮನ್ಯಾಗ ಬಡದ್ರ ಮುಂಜಾನಿ ಎದ್ದು ನಾ ಎಲ್ಲಿಗಿ ಹೋಗ್ಲಿ?" ಎಂದ. "ಅಲ್ಲಿ ಭಾಭಿ ಒಬ್ಬಾಕೀ ಇರ್ತಾರ. ಛತ್ರಿ ತಗೋ, ನಡಿ."

ಇಬ್ಬರೂ ಹೊರಟರು. ಹಿಟ್ಟಿನ ಡಬ್ಬಿ ಈಗ ಅವನ ತಲೆಯ ಮೇಲಿರುತ್ತದೆ, ಸಿಂಬೆ ಇಲ್ಲದೆ. ನಾನು ಅಂಗಡಿಗೆ ಹೋಗಿ ಅವನ ಹೊಸ ಅಂಗಿಗೆ ಬಟ್ಟೆ ಕತ್ತರಿಸಿದೆ. ಸೊಂಟ ಮೂವತ್ತಾರು. ಇನ್ನೂ ಇಳಿಯಬಹುದೆಂದು, ಆಮೇಲೆ ಸಡಿಲಿಸಲು ಎಲ್ಲರ ಅಂಗಿಯಲ್ಲೂ ಹೊಲಿಗೆಯ ಒಳಗೆ ಬಿಡುವ ಎರಡು ಬೆರಳು ಬಟ್ಟೆಯನ್ನು ಇವನಿಗೆ ಬಿಡಲಿಲ್ಲ.